ಆಚೆ ದಂಡೆಯ ನವರಂಗ

ಕೆರೆ ತಲುಪುವ ಮೊದಲೇ ಅವಳ ಸೈಕಲ್ ಪಂಕ್ಚರ್ ಆಯಿತು. ಪಂಕ್ಚರ್ ಕಿಟ್ ತರಬೇಕಾಗಿದ್ದ ಗಂಡ ಅದನ್ನು ಮನೆಯಲ್ಲೇ ಮರೆತು ಬಂದಿದ್ದ.

"ನೂರು ಹಕ್ಕಿ ಹೆಸರು ನೆನಪಿರುತ್ತೆ, ಇದೊಂದು ಇರಲ್ಲ," ಎಂದಳು.

"ಟೈರು ಸವೆದಿದೆ ಅಂತ ಹೋದ ವಾರಾನೇ ಹೇಳಿದ್ದೆ," ಎಂದ ಅವನು.

ಆಮೇಲೆ ಮಾತಿಲ್ಲ. ಸೈಕಲ್ ತಳ್ಳಿಕೊಂಡು ಕೆರೆಗೆ ಬಂದು ಅವಳು ಈಚೆ ದಂಡೆ ಹಿಡಿದಳು, ಅವನು ಆಚೆಯದು.

ಬಂದದ್ದು ನವರಂಗ ನೋಡಲು. ಪೊದೆ ಬಿಟ್ಟು ಸುಲಭಕ್ಕೆ ಹೊರಬರದ ಹಕ್ಕಿ ಅದು. ಅವಳು ಮೊಬೈಲಿನಲ್ಲಿ ಅದರ ಕೂಗು ಹಾಕಿದಳು. ತುಸು ಹೊತ್ತಿಗೆ ಆಚೆ ದಂಡೆಯಿಂದ ಉತ್ತರ ಬಂತು. ಮತ್ತೆ ಹಾಕಿದಳು, ಮತ್ತೆ ಬಂತು. ಬುತ್ತಿ ಬಿಚ್ಚುವುದನ್ನೂ ಮರೆತಳು. ಹಕ್ಕಿ ಮಾತ್ರ ಕಾಣಲಿಲ್ಲ.

ಸಂಜೆ ಕೆರೆ ಏರಿಯ ಮೇಲೆ ಗಂಡ ಎದುರಾದಾಗ ಅವಳಿಗೆ ತಡೆಯಲಾಗಲಿಲ್ಲ.

"ನೀವು ಮಾತಾಡದಿದ್ರೆ ಬೇಡ. ಆ ಹಕ್ಕಿಯಾದ್ರೂ ಬೆಳಗಿಂದ ನಾನು ಕರೆದಾಗೆಲ್ಲ ಓಗೊಡ್ತಿತ್ತು. ಮಧ್ಯಾಹ್ನ ಏನಾಯ್ತೋ ಪಾಪ, ಇದ್ದಕ್ಕಿದ್ದಂಗೆ ಸುಮ್ಮನಾಗ್ಬಿಡ್ತು."

ಅವನು ತನ್ನ ಸೈಕಲ್ ಅವಳ ಕೈಗೆ ಕೊಟ್ಟು, ಅವಳದನ್ನು ತಾನು ತಳ್ಳತೊಡಗಿದ.

"ಮಧ್ಯಾಹ್ನ ನನ್ನ ಮೊಬೈಲ್ ಚಾರ್ಜ್ ಮುಗೀತು," ಎಂದ.