ಪಟ್ಟು

ಹೊಸ ಎದುರಾಳಿ ಸೊಂಟ ತಬ್ಬಿ ಮೇಲಕ್ಕೆತ್ತಿದಾಗ ಪೈಲ್ವಾನನಿಗೆ ನಂಬಿಕೆಯೇ ಬರಲಿಲ್ಲ. ಸೋರಿಯಾಸಿಸ್ ಬಂದು ಬೆನ್ನು, ತೋಳೆಲ್ಲ ಕೆಂಪಾಗಿ ಚಕ್ಕೆ ಏಳತೊಡಗಿದ ಮೇಲೆ ಗರಡಿಯಲ್ಲಿ ಯಾರೂ ಅವನನ್ನು ಮುಟ್ಟಿರಲಿಲ್ಲ. "ಇದು ಅಂಟುರೋಗ ಅಲ್ಲ ಕಣ್ರಪ್ಪಾ" ಅಂತ ಡಾಕ್ಟರೇ ಬಂದು ಹೇಳಿದರೂ ಅಷ್ಟೇ. ಒಂದು ವರ್ಷ ಅವನು ಮರಳಿನ ಮೂಟೆಯ ಜೊತೆ ಕುಸ್ತಿಯಾಡಿದ್ದ.

ಎದುರಾಳಿ ಅವನನ್ನು ನೆಲಕ್ಕೆ ಅಪ್ಪಳಿಸಿದ. ಪಕ್ಕೆಲುಬು ಲಟಕ್ಕೆಂದಿತು. ಪೈಲ್ವಾನ ಮೊಣಕೈ ಬೀಸಿ ಅವನ ಮೂಗು ಒಡೆದ. ರಕ್ತ ಸುರಿದರೂ ಎದುರಾಳಿ ಪಟ್ಟು ಬಿಡದೆ, ಪೈಲ್ವಾನನ ಸುಲಿದ ಬೆನ್ನಿಗೆ ಎದೆಯೊತ್ತಿ ಹಿಂಡತೊಡಗಿದ.

"ಸಾಕು ಬಿಡೋ, ಸತ್ತೇಹೋಗ್ತಾನೆ!" ಗರಡಿಯ ಗುರುಗಳು ಓಡಿಬಂದು ಕೂಗಿದರು.

ಎದುರಾಳಿಯ ಕೈ ಸಡಿಲವಾಯಿತು. ಪೈಲ್ವಾನ ಆ ಕೈಗಳನ್ನು ಗಬಕ್ಕನೆ ಹಿಡಿದು ಮತ್ತೆ ತನ್ನ ಎದೆಗೆ ಎಳೆದುಕೊಂಡ. "ಬಿಡ್ಬೇಡ ಕಣೋ," ಅಂದ, ರಕ್ತ ಉಗುಳುತ್ತ. "ಇನ್ನೂ ಗಟ್ಟಿಯಾಗಿ ಹಿಡಿ."