ಹದಿನೇಳು ಹುಳುಕು

ಮನೆ ಮೂರನೆಯವರ ಪಾಲಾಗುವುದು ಬೇಡವೆಂದು ಮಾವ ಅದನ್ನು ಅಳಿಯನಿಗೇ ಮಾರಲು ಒಪ್ಪಿದರು. ಮಾರಿದ ಮೇಲೂ ತಾವು ಅಲ್ಲೇ ಬಾಡಿಗೆಗೆ ಇರುತ್ತೇವೆ ಎಂಬುದೊಂದೇ ಅವರ ಷರತ್ತು.

ಬೆಲೆ ಇಳಿಸಲೆಂದು ಅಳಿಯ ಒಂದೊಂದೇ ಕೋಣೆ ಹೊಕ್ಕು ಹುಳುಕು ಹುಡುಕತೊಡಗಿದ.

"ಅಡುಗೆಮನೆ ತಾರಸಿ ಸೋರುತ್ತೆ ಮಾವ."

"ಹೌದಾ? ತಾಳಿ, ಬರ್ಕೋತೀನಿ." ಮಗಳ ಮದುವೆಯಲ್ಲಿ ಉಳಿದಿದ್ದ ಲಗ್ನಪತ್ರಿಕೆಯೊಂದರ ಹಿಂದೆ ಮಾವ ದುಂಡಗೆ ಬರೆದುಕೊಂಡರು.

"ಬಚ್ಚಲು ಬಾಗಿಲಿಗೆ ಗೆದ್ದಲು ಹಿಡಿದಿದೆ. ಸಂಪು ಬಿರುಕು ಬಿಟ್ಟಿದೆ. ವೈರಿಂಗ್ ಅಂತೂ ಪೂರ್ತಿ ಬದಲಾಯಿಸ್ಬೇಕು."

"ಛೇ, ಇಷ್ಟು ವರ್ಷ ಇದ್ದೂ ನನಗೆ ಗೊತ್ತೇ ಆಗ್ಲಿಲ್ವಲ್ಲ! ನಿಧಾನಕ್ಕೆ ಹೇಳಿ, ಇನ್ನೇನಿದೆ?"

"ಸಾಕು ಮಾಡ್ರೀ," ಹೆಂಡತಿ ಪಿಸುಗುಟ್ಟಿದಳು. "ಅಪ್ಪ ನೊಂದ್ಕೋತಾರೆ."

ಪಟ್ಟಿ ಹದಿನೇಳಕ್ಕೆ ಮುಟ್ಟಿತು. ಮಾವ ಅದನ್ನು ಮಡಚಿ ಜೇಬಿಗಿಟ್ಟು ಮೂರು ಲಕ್ಷ ಇಳಿಸಿದರು.

ರಿಜಿಸ್ಟ್ರೇಷನ್ ಮುಗಿಸಿ ಕಚೇರಿಯ ಮೆಟ್ಟಿಲಿಳಿಯುವಾಗ ಅಳಿಯ ಮೀಸೆಯಡಿಯಲ್ಲೇ ನಗುತ್ತಿದ್ದ. ಮಾವ ಜೇಬಿನಿಂದ ಆ ಲಗ್ನಪತ್ರಿಕೆ ತೆಗೆದು ಅವನ ಕೈಗಿತ್ತರು.

"ಓನರ್ರೇ, ಇಷ್ಟೂ ರಿಪೇರಿ ಆದ್ಮೇಲೇ ನಾವು ಬಾಡಿಗೆ ಕೊಡೋದು."