ಸಾಮಾನಿಗಿಲ್ಲದ ನಿಷೇಧ

ಟೆಂಪೊ ಮೈದಾನದ ಗೇಟಿಗೆ ಬೆನ್ನು ಮಾಡಿ ನಿಂತಿತು. ಬರುವ ವಾರದ ಅಂತರ ಕಾಲೇಜು ಕ್ರೀಡಾಕೂಟಕ್ಕೆ ಈ ಕಾಲೇಜಿನ ಹರ್ಡಲ್ಸ್ ಬೇಕಂತೆ. ಡ್ರೈವರ್ ಚೀಟಿ ಕೊಟ್ಟ. ಮೈದಾನ ನೋಡಿಕೊಳ್ಳುವ ಮುದುಕ ಅದನ್ನು ಓದಲು ಹೋಗಲಿಲ್ಲ. ಕೆಳಗಿದ್ದ ಉದ್ದ ಬಾಲದ ಸಹಿ ಅವನಿಗೆ ಗೊತ್ತಿತ್ತು. ನಾಲ್ಕು ವರ್ಷದ ಹಿಂದೆ ಇಲ್ಲೇ ಕೋಚ್ ಆಗಿದ್ದವರದು.

ಕಟ್ಟೆಯ ಮೇಲೆ ಕೂತಿದ್ದ ಹುಡುಗಿ ಎದ್ದು ಬಂದಳು. ಕೊನೆಯ ವರ್ಷದವಳು, ಈ ಕಾಲೇಜಿನಲ್ಲಿ ಹರ್ಡಲ್ಸ್ ಹಾರುತ್ತಿದ್ದವಳು ಅವಳೊಬ್ಬಳೇ.

“ಅಜ್ಜಾ, ಎರಡು ವರ್ಷ ಕೂಟದ ಕಡೆ ತಲೆ ಹಾಕ್ಬೇಡಿ ಅಂದೋರು, ನಮ್ಮ ಹರ್ಡಲ್ಸ್ ಯಾವ ಬಾಯಲ್ಲಿ ಕೇಳ್ತಾರೆ?”

“ನಿಷೇಧ ಕಾಲೇಜಿಗಮ್ಮ, ಸಾಮಾನಿಗಲ್ಲ,” ಎಂದ ಡ್ರೈವರ್.

“ಹಾರೋದು ಕಾಲೇಜಲ್ಲಣ್ಣ, ನಾನು. ಯಾರೋ ಹೊರಗಿನೋನು ಕಳ್ಳ ಹೆಸರಲ್ಲಿ ನಮ್ಮ ಕಾಲೇಜಿನ ಪರವಾಗಿ ರಿಲೇ ಓಡಿದಾಗ ನಾನು ಈ ಗೇಟೇ ನೋಡಿರ್ಲಿಲ್ಲ. ಯಾವನು ಹೋಗಿ ಹೇಳಿದ್ನೋ, ನನ್ನ ಕಾಲು ಕಟ್ಟಿಹಾಕಿದ.”

ಸಾಮಾನಿನ ಕೋಣೆಯ ಚಿಲಕಕ್ಕೆ ಹೋಗಿದ್ದ ಮುದುಕನ ಕೈ ಅಲ್ಲೇ ನಿಂತಿತು.

“ಹೇಳಿದ್ದು ನಾನೇ ಕಣಮ್ಮ. ವಿಚಾರಣೆಯೋರು ಕರೆದು ಕೇಳಿದ್ರು. ಎಲ್ಲರಿಗೂ ಬೂಟು ಕೊಡೋನು ನಾನು. ಮುಖ ಮರೆತ್ರೂ ಕಾಲು ಮರೆಯಲ್ಲ. ಅವತ್ತು ಕೊನೇಲಿ ಓಡಿದ ಕಾಲು ನಮ್ಮ ಹುಡುಗರದ್ದಲ್ಲ. ಅವನ ಹೆಸರೂ ಹೇಳಿದೆ, ಕರ್ಕೊಂಡು ಬಂದೋರ ಹೆಸರೂ ಹೇಳಿದೆ. ತೀರ್ಪು ಬರೋದಕ್ಕೆ ಇಷ್ಟು ವರ್ಷ ಹಿಡೀತು.”

ಹುಡುಗಿ ಕೇಳಿದಳು, “ಅವರಿಬ್ಬರಿಗೇನಾಯ್ತು?”

“ಓಡಿದೋನು ಅವತ್ತು ಗೆದ್ದ ಪದಕ ತೋರಿಸಿ ಕೆಲಸಕ್ಕೆ ಸೇರ್ಕೊಂಡ. ಪದಕದ ಮೇಲೆ ಹೆಸರಿರಲ್ವಲ್ಲ. ಕರ್ಕೊಂಡು ಬಂದ ಕೋಚು ಈಗ ಕೂಟ ನಡೆಸೋರಾಗಿ ಈ ಚೀಟಿ ಬರೆದಿದಾರೆ.”

ಮೂವರೂ ಸೇರಿ ಹರ್ಡಲ್ಸ್ ಟೆಂಪೊಗೆ ತುಂಬಿದರು. ಎತ್ತಿಕೊಡುವ ಮೊದಲು ಅವಳು ಒಂದೊಂದರ ಮೇಲುಪಟ್ಟಿಯ ಧೂಳನ್ನೂ ಅಂಗೈಯಿಂದ ಒರೆಸುತ್ತಿದ್ದಳು. ಒಂದರಲ್ಲಿ ಅವಳ ಮೊಣಕಾಲು ತಾಗಿ ತಾಗಿ ಬಣ್ಣ ಹೋಗಿತ್ತು. ಅದನ್ನೂ ಕೊಟ್ಟಳು.

ಟೆಂಪೊ ತಿರುವು ದಾಟಿತು.

“ಇನ್ನೊಂದ್ಸಲ ಕರೆದು ಕೇಳಿದ್ರೆ ಹೇಳ್ತೀರಾ ಅಜ್ಜಾ?”

ಮುದುಕ ಖಾಲಿ ಕೋಣೆಗೆ ಬೀಗ ಹಾಕಿ, ಒಮ್ಮೆ ಎಳೆದು ನೋಡಿದ.

“ಹೇಳ್ತೀನಿ. ಆದ್ರೆ ಮೊದಲು ಅವರನ್ನ ನಾನೊಂದು ಕೇಳ್ತೀನಿ. ಹೇಳಿದ್ಮೇಲೆ ಯಾರನ್ನ ಹೊರಗೆ ನಿಲ್ಲಿಸ್ತೀರಿ ಅಂತ.”